ಸಜ್ಜೆ ಮೇಲಿರೋ ಕಾಲು, ಕ್ಯಾಲಿಪರ್, ವಾಕರ್ ಇನ್ನೊಬ್ಬರಿಗೆ ತಲುಪಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಆಗಾಗ ವಿಕಲಚೇತನರಿಗೆ ಸಾಧನ ಸಲಕರಣೆ ವಿತರಣೆ ಅಂತ ಫೋಟೋ ಬರ್ತಾ ಇರತ್ತೆ, ಸಾಲಾಗಿ ವೀಲ್‌ಚೇರು, ತ್ರಿಚಕ್ರ ಸೈಕಲ್ಲು, ಕೃತಕ ಕಾಲು, ಪಕ್ಕದಲ್ಲಿ ಶಾಸಕರು, ಅಧಿಕಾರಿಗಳು. ಅದು ಬರ್ಲಿ, ಬರ್ಲೇಬೇಕು, ಎಷ್ಟೋ ಹಳ್ಳಿಯೋರಿಗೆ ಹೀಗೊಂದು ಸೌಲಭ್ಯ ಇದೆ ಅಂತ ಗೊತ್ತಾಗೋದೇ ಆ ಫೋಟೋ ನೋಡಿ. ಆದ್ರೆ ಅದೇ ವೀಲ್‌ಚೇರು ಅದೇ ಕಾಲು ನಾಲ್ಕು ವರ್ಷ ಆದ್ಮೇಲೆ ಎಲ್ಲಿದೆ, ಬಳಸ್ತಿದ್ದೋರು ತೀರಿಕೊಂಡ್ರೆ ಅಥವಾ ಮಗು ದೊಡ್ಡದಾದ್ರೆ ಅದು ಏನಾಯ್ತು, ಇದನ್ನ ಯಾರೂ ವಿಚಾರಿಸಲ್ಲ. ನಾನು ಹಾಸನದಲ್ಲಿ ಆಸ್ಪತ್ರೆ ಹತ್ರ ಸರ್ಜಿಕಲ್ ಸಾಮಾನಿನ ಅಂಗಡಿ ಇಟ್ಕೊಂಡಿರೋನು, ಹಾಗಾಗಿ ಅದು ಎಲ್ಲಿರತ್ತೆ ಅಂತ ನಂಗೆ ಗೊತ್ತು. ಸಜ್ಜೆ ಮೇಲೆ ಇರತ್ತೆ. ಇಲ್ಲಾಂದ್ರೆ ಕೊಟ್ಟಿಗೆ ಮೂಲೇಲಿ, ಇಲ್ಲಾಂದ್ರೆ ಗುಜರಿಯವನ ಗಾಡೀಲಿ ಕೆಜಿ ಲೆಕ್ಕದಲ್ಲಿ.

ಅರಕಲಗೂಡು, ಆಲೂರು, ಸಕಲೇಶಪುರ, ಹೊಳೆನರಸೀಪುರ ಎಲ್ಲಾ ಕಡೆಯಿಂದ ನಮ್ಮಂಗಡಿಗೆ ಜನ ಬರ್ತಾರೆ. ಬಂದೋರಲ್ಲಿ ಯಾರಾದ್ರೂ ಒಬ್ರು ಇದ್ದೇ ಇರ್ತಾರೆ, ಕೌಂಟರ್ ಹತ್ರ ಸ್ವಲ್ಪ ಹೊತ್ತು ಸುಮ್ನೆ ನಿಂತು ಆಮೇಲೆ "ಅಣ್ಣ, ನಮ್ಮಪ್ಪ ಹೋಗ್ಬಿಟ್ರು, ಆ ವಾಕರ್ರು ಕಮೋಡ್ ಚೇರು ಹಂಗೇ ಇದೆ, ನೀವೇ ವಾಪಸ್ ಇಟ್ಕೋತೀರಾ" ಅಂತ ಕೇಳ್ತಾರೆ. ದುಡ್ಡಿಗೋಸ್ಕರ ಅಲ್ಲ ಕೇಳೋದು. ಮನೇಲಿ ಅದು ಕಣ್ಣಿಗೆ ಬಿದ್ದಾಗೆಲ್ಲಾ ಹೊಟ್ಟೆಗೆ ಬೆಂಕಿ ಬಿದ್ದಂಗಾಗತ್ತೆ, ಬಿಸಾಕೋಕೂ ಮನಸ್ಸು ಬರಲ್ಲ, ಯಾರಿಗೆ ಕೊಡ್ಬೇಕು ಅಂತ್ಲೂ ತಿಳಿಯಲ್ಲ. ಮತ್ತೆ ಅದೇ ದಿನ ಇನ್ನೊಂದು ಮನೆಯೋರು ಬರ್ತಾರೆ, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಅಜ್ಜಿನ ಅವತ್ತೇ ಡಿಸ್ಚಾರ್ಜ್ ಮಾಡಿರ್ತಾರೆ, ಆಸ್ಪತ್ರೆ ಔಷಧಿ ಬಸ್ ಚಾರ್ಜು ಅಂತ ಕೈಯಲ್ಲಿದ್ದಿದ್ದೆಲ್ಲಾ ಖಾಲಿ ಆಗಿರತ್ತೆ, ವಾಕರ್ ರೇಟ್ ಕೇಳಿ "ಆಮೇಲೆ ಬರ್ತೀವಿ" ಅಂತ ಹೋಗ್ತಾರೆ. ಬರಲ್ಲ. ಊರಲ್ಲಿ ಒಂದು ಗಳ ಕಡಿದು ಕೋಲು ಮಾಡಿ ಕೊಡ್ತಾರೆ, ಅಜ್ಜಿ ಅದನ್ನ ಹಿಡ್ಕೊಂಡು ನಡೆಯೋಕೆ ಹೆದರಿ ಹಾಸಿಗೆ ಹಿಡೀತಾರೆ. ಈ ಎರಡು ಮನೆ ಮಧ್ಯೆ ಹದಿನೈದು ಕಿಲೋಮೀಟರ್ ದೂರ ಕೂಡ ಇರಲ್ಲ, ಆದ್ರೆ ಇವರ ಹತ್ರ ಇರೋದು ಅವರಿಗೆ ತಲುಪೋ ದಾರಿ ಇಲ್ಲ. ಆ ದಾರಿ ಬಗ್ಗೆ ಹೇಳೋಕೇ ಈ ಪತ್ರ ಬರೀತಿರೋದು, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸದೇ ಹಾಕಿ.

2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ವಿಕಲಚೇತನರಿದ್ದಾರೆ, ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಓಡಾಟದ ತೊಂದರೆ. ಅದು ಹಳೇ ಲೆಕ್ಕ. ಆಗ ಕಾನೂನಿನಲ್ಲಿ ಇದ್ದಿದ್ದು ಏಳು ಬಗೆಯ ಅಂಗವಿಕಲತೆ, 2016ರ ಕಾಯ್ದೆ ಬಂದ ಮೇಲೆ 21 ಬಗೆ ಆಯ್ತು. ಪೋಲಿಯೋ ಹೋಯ್ತು, 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ತು, ಅದು ದೊಡ್ಡ ಗೆಲುವು, ಆದ್ರೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಈಗ ಐವತ್ತು ಅರವತ್ತು ವರ್ಷ ಆಗಿರೋರು ಇನ್ನೂ ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಹಾಕ್ಕೊಂಡೇ ನಡೀತಿದ್ದಾರೆ. ಮತ್ತೆ ಈಗ ಕಾಲು ಕಳ್ಕೊಳ್ಳೋರಲ್ಲಿ ಬೈಕ್ ಆಕ್ಸಿಡೆಂಟ್‌ನೋರು ಎಷ್ಟೋ ಅಷ್ಟೇ ಶುಗರ್‌ನೋರು, ಬೆರಳಲ್ಲಿ ಶುರುವಾದ ಹುಣ್ಣು ಮೊಣಕಾಲ ತನಕ ಬರತ್ತೆ. ದೇಶದಲ್ಲಿ ಹತ್ತು ಕೋಟಿಗೂ ಮೇಲೆ ಸಕ್ಕರೆ ಕಾಯಿಲೆಯೋರಿದ್ದಾರೆ ಅಂತ 2023ರಲ್ಲಿ ಐಸಿಎಂಆರ್ ಸರ್ವೇನಲ್ಲಿ ಬಂದಿತ್ತು. ಅಂದ್ರೆ ಬೇಡಿಕೆ ಏರೋದೇ ಹೊರತು ಇಳಿಯಲ್ಲ.

ಈಗ ವಿಷಯಕ್ಕೆ ಬರ್ತೀನಿ. ಬಳಸಿದ ಸಾಧನ ಅಂದ್ರೆ ಎಲ್ಲಾ ಒಂದೇ ಅಲ್ಲ. ವಾಕರ್, ಕೋಲು, ಕಂಕುಳಿಗೆ ಕೊಟ್ಟು ನಡೆಯೋ ಊರುಗೋಲು, ಮೊಣಕೈ ಊರುಗೋಲು, ಕಮೋಡ್ ಚೇರ್, ಸಾದಾ ಮಡಚೋ ವೀಲ್‌ಚೇರ್, ಇವು ಕೈ ಬದಲಾದ್ರೆ ತೊಂದರೆ ಇಲ್ಲ, ತೊಳೆದು ರಬ್ಬರ್ ಬುಷ್ ಬದಲಾಯಿಸಿದ್ರೆ ಹೊಸದರ ಹಾಗೇ ಕೆಲಸ ಮಾಡತ್ತೆ. ಆ ಕೆಳಗಿನ ರಬ್ಬರ್ ಬುಷ್ ಇದ್ಯಲ್ಲ ಅದು ಸವೆದು ನುಣ್ಣಗಾಗಿದ್ರೆ ಮಾತ್ರ ಕೊಡ್ಲೇಬೇಡಿ, ಬಚ್ಚಲಲ್ಲಿ ಜಾರಿ ಬಿದ್ದು ಇನ್ನೊಂದು ಸೊಂಟ ಮುರ್ಕೊಂಡು ಬಂದೋರನ್ನ ನಾನು ನೋಡಿದ್ದೀನಿ, ಹೊಸ ಬುಷ್‌ಗೆ ಒಂದು ಊಟದ ಖರ್ಚೂ ಆಗಲ್ಲ. ಆಮೇಲೆ ಎತ್ತರ. ಕೈ ಇಳಿಬಿಟ್ಟು ನೇರ ನಿಂತಾಗ ವಾಕರ್ ಹಿಡಿ ಮಣಿಕಟ್ಟಿನ ಗೆರೆ ಮಟ್ಟಕ್ಕೆ ಬರ್ಬೇಕು. ಕಂಕುಳ ಊರುಗೋಲಾದ್ರೆ ಕಂಕುಳಿಗೂ ಮೇಲಿನ ದಿಂಬಿಗೂ ಮಧ್ಯೆ ಎರಡು ಮೂರು ಬೆರಳು ತೂರಬೇಕು, ಭಾರ ಬೀಳ್ಬೇಕಾಗಿರೋದು ಅಂಗೈ ಮೇಲೆ, ಕಂಕುಳ ಮೇಲಲ್ಲ. ಎತ್ತರದೋರ ಊರುಗೋಲನ್ನ ಕುಳ್ಳಗಿರೋರಿಗೆ ಹಂಗೇ ಕೊಟ್ಬಿಟ್ರೆ ಕಂಕುಳಲ್ಲಿ ನರ ಒತ್ತಿ ಕೈ ಜೋಮು ಹಿಡೀತದೆ, ಕೆಲವರಿಗೆ ಮಣಿಕಟ್ಟೇ ಎತ್ತೋಕಾಗಲ್ಲ. ತೂತು ಬದಲಾಯಿಸಿ ನಟ್ಟು ಹಾಕೋದು ಎರಡು ನಿಮಿಷದ ಕೆಲಸ, ಆದ್ರೆ ಅದನ್ನ ಮಾಡೋರು ಒಬ್ರು ಬೇಕು, ಅದಕ್ಕೇ ನಾನು ಮತ್ತೆ ಮತ್ತೆ ಹೇಳ್ತಿರೋದು ಬರೀ ದಾನ ಸಾಕಾಗಲ್ಲ, ಮಧ್ಯದಲ್ಲಿ ತಿಳಿದೋರ ಕೈ ಇರ್ಬೇಕು ಅಂತ.

ಮಕ್ಕಳ ಸಾಧನದ ವಿಷಯ ಇದಕ್ಕಿಂತ ಮುಖ್ಯ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರೋ ಮಕ್ಕಳು, ಸೊಟ್ಟ ಪಾದ ಅಂತೀವಲ್ಲ, ಅವರಿಗೆ ಈಗ ದೊಡ್ಡ ಆಪರೇಷನ್ ಇಲ್ಲದೇ ವಾರಕ್ಕೊಂದು ಪ್ಲಾಸ್ಟರ್ ಹಾಕಿ ಹಾಕಿ ಪಾದ ನೇರ ಮಾಡ್ತಾರೆ, ಪೊನ್ಸೆಟಿ ವಿಧಾನ ಅಂತಾರೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎರಡು ಪುಟಾಣಿ ಶೂ, ಮಧ್ಯೆ ಒಂದು ಕಬ್ಬಿಣದ ಪಟ್ಟಿ, ಅದನ್ನ ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕ್ಬೇಕು, ಆಮೇಲೆ ರಾತ್ರಿ ಮಾತ್ರ, ಹೀಗೆ ನಾಲ್ಕೈದು ವರ್ಷ ಆಗೋ ತನಕ. ಬಿಟ್ರೆ ಪಾದ ಮತ್ತೆ ತಿರುಗತ್ತೆ. ಕೂಸಿನ ಪಾದ ಎಷ್ಟು ಬೇಗ ಬೆಳೆಯತ್ತೆ ಅಂತ ತಾಯಂದಿರಿಗೆ ಹೇಳ್ಬೇಕಾಗಿಲ್ಲ, ಕೆಲವೇ ತಿಂಗಳಿಗೆ ಶೂ ಚಿಕ್ಕದಾಗತ್ತೆ, ಆದ್ರೆ ಶೂ ಸವೆದಿರಲ್ಲ, ಯಾಕಂದ್ರೆ ಆ ಮಗು ಅದನ್ನ ಹಾಕ್ಕೊಂಡು ನೆಲದ ಮೇಲೆ ನಡೆದೇ ಇರಲ್ಲ. ಆಲೂರು ಕಡೆಯ ಒಬ್ಬ ಹೆಣ್ಣುಮಗಳು ಒಂದು ಬಟ್ಟೆ ಬ್ಯಾಗಲ್ಲಿ ಅಂಥ ಶೂಗಳನ್ನ ಸೈಜ್ ಪ್ರಕಾರ ಜೋಡಿಸ್ಕೊಂಡು ಬಂದಿದ್ರು, ಒಂದೊಂದು ಜೊತೆಗೂ ನೂಲು ಕಟ್ಟಿತ್ತು, ಬಕಲ್ ಒರೆಸಿ ಇಟ್ಟಿದ್ರು, ಅತೀ ಚಿಕ್ಕದು ನನ್ನ ಹೆಬ್ಬೆಟ್ಟಿಗಿಂತ ಸ್ವಲ್ಪ ಉದ್ದ ಅಷ್ಟೇ. "ನನ್ ಮಗ ಈಗ ಓಡ್ತಾನೆ ಅಣ್ಣ, ಇದು ಯಾವ್ದಾದ್ರೂ ಮಗೂಗೆ ಆಗ್ಲಿ" ಅಂದ್ರು. ಅದನ್ನ ಸೊಟ್ಟ ಪಾದಕ್ಕೆ ಪ್ಲಾಸ್ಟರ್ ಹಾಕೋ ಡಾಕ್ಟರ್ ಹತ್ರವೇ ಕೊಡಿಸ್ದೆ, ಯಾಕಂದ್ರೆ ಶೂ ಮಧ್ಯದ ಕಬ್ಬಿಣದ ಪಟ್ಟಿ ಉದ್ದ ಮಗುವಿನ ಭುಜದ ಅಗಲಕ್ಕೆ ಸರಿಯಾಗಿರ್ಬೇಕು, ಶೂ ಎಷ್ಟು ಡಿಗ್ರಿ ಹೊರಕ್ಕೆ ತಿರುಗಿರ್ಬೇಕು ಅನ್ನೋದು ಪಾದದಿಂದ ಪಾದಕ್ಕೆ ಬೇರೆ, ಅದನ್ನ ನೋಡಿ ಕೂರಿಸೋರು ಅವರೇ. ಅಂದಾಜು 800 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟತ್ತೆ ಅಂತಾರೆ, ಅಂದ್ರೆ ಪ್ರತಿ ತಾಲ್ಲೂಕಲ್ಲೂ ಪ್ರತಿ ವರ್ಷ ಈ ಶೂ ಬೇಕಾಗಿರೋ ಮನೆ ಇದೆ, ಪ್ರತಿ ತಾಲ್ಲೂಕಲ್ಲೂ ಶೂ ಚಿಕ್ಕದಾಗಿರೋ ಮನೆಯೂ ಇದೆ.

ಸೆರೆಬ್ರಲ್ ಪಾಲ್ಸಿ, ಅಂದ್ರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದೇ ಇರೋ ಮಕ್ಕಳ ಕೂರೋ ಕುರ್ಚಿ, ನಿಲ್ಲಿಸೋ ಸ್ಟ್ಯಾಂಡಿಂಗ್ ಫ್ರೇಮ್ ಇದೂ ಅಷ್ಟೇ. ದುಬಾರಿ, ಮರದ್ದಾದ್ರೆ ಗಟ್ಟಿಮುಟ್ಟು, ಮಗು ಬೆಳೆದ ಮೇಲೆ ಮನೇಲಿ ಬಟ್ಟೆ ಒಣಗಿಸೋಕೆ ಆಗತ್ತೆ. ಅದನ್ನ ಇನ್ನೊಂದು ಮಗೂಗೆ ಅಳತೆಗೆ ತಕ್ಕಂತೆ ಬೆಲ್ಟ್ ದಿಂಬು ಬದಲಾಯಿಸಿ ಹೊಂದಿಸಬಹುದು, ಆದ್ರೆ ಫಿಸಿಯೋದೋರು ನೋಡ್ಲೇಬೇಕು. ದೊಡ್ಡೋರ ಅಗಲದ ವೀಲ್‌ಚೇರಲ್ಲಿ ಸಣ್ಣ ಮಗೂನ ದಿನವೆಲ್ಲಾ ಕೂರಿಸಿದ್ರೆ ಒಂದು ಕಡೆ ವಾಲಿ ವಾಲಿ ಬೆನ್ನುಮೂಳೆ ಸೊಟ್ಟ ಆಗತ್ತೆ. ವಿಶ್ವ ಆರೋಗ್ಯ ಸಂಸ್ಥೆಯೋರು 2008ರಲ್ಲೇ ವೀಲ್‌ಚೇರ್ ಕೊಡೋದು ಹೇಗೆ ಅಂತ ಮಾರ್ಗಸೂಚಿ ಮಾಡಿದ್ರು, ಅದರ ಸಾರ ಇಷ್ಟೇ, ಕುರ್ಚಿ ಕೊಟ್ರೆ ಮುಗಿಯಲ್ಲ, ಅಳತೆ ತಗೊಂಡು, ಕೂರಿಸಿ ನೋಡಿ, ಬಳಸೋದು ಕಲಿಸಿ, ಆಮೇಲೂ ವಿಚಾರಿಸ್ಕೋಬೇಕು.

ಇನ್ನು ಕೃತಕ ಕಾಲು. ಇಲ್ಲೇ ಜನಕ್ಕೆ ತುಂಬಾ ಗೊಂದಲ ಇರೋದು. ಅಪ್ಪನ ಕಾಲನ್ನ ಹಂಗೇ ಇನ್ನೊಬ್ಬರಿಗೆ ಹಾಕ್ಬಹುದು ಅಂತ ಕೆಲವರು ಅಂದ್ಕೊಂಡಿರ್ತಾರೆ, ಇನ್ನು ಕೆಲವರು ಅದರಿಂದ ಏನೂ ಉಪಯೋಗ ಇಲ್ಲ ಅಂತ ಗುಜರಿಗೆ ಹಾಕ್ತಾರೆ. ಎರಡೂ ಸರಿ ಅಲ್ಲ. ಕಾಲಲ್ಲಿ ಮೇಲ್ಗಡೆ ಬಟ್ಟಲಿನ ಹಾಗಿರೋ ಭಾಗ ಸಾಕೆಟ್, ಅದನ್ನ ಉಳಿದಿರೋ ಕಾಲಿನ ಅಚ್ಚು ತಗೊಂಡು ಮಾಡಿರ್ತಾರೆ, ಒಬ್ಬರ ಹಲ್ಲು ಸೆಟ್ಟು ಇನ್ನೊಬ್ಬರ ಬಾಯಿಗೆ ಹೇಗೆ ಕೂರಲ್ವೋ ಹಾಗೆ ಸಾಕೆಟ್ಟೂ ಇನ್ನೊಬ್ಬರಿಗೆ ಕೂರಲ್ಲ. ಒಳಗೆ ಹಾಕೋ ಸಿಲಿಕಾನ್ ಲೈನರ್, ಕಾಲುಚೀಲ ಇವೂ ಆಗಲ್ಲ, ಬೆವರು ತಾಗಿರತ್ತೆ, ಚರ್ಮದ ಸೋಂಕು ದಾಟಬಹುದು. ಆದ್ರೆ ಸಾಕೆಟ್ ಕೆಳಗೆ ಇರೋದು ಬೇರೆ ಕತೆ. ಮಾಡ್ಯುಲರ್ ಕಾಲು ಅಂತ ಬರ್ತವಲ್ಲ, ಒಳಗೆ ಪೈಪು, ಮೇಲೆ ಸ್ಪಂಜಿನ ಹೊದಿಕೆ, ಅದರಲ್ಲಿ ಮೊಣಕಾಲಿನ ಜಾಯಿಂಟು, ಅಲ್ಯುಮಿನಿಯಂ ಇಲ್ಲಾ ಟೈಟಾನಿಯಂ ಪೈಪು, ಜೋಡಿಸೋ ಅಡಾಪ್ಟರು, ಕೆಳಗೆ ಪಾದ. ಇದೆಲ್ಲಾ ಬಿಚ್ಚಿ ಬರತ್ತೆ. ಅಡಾಪ್ಟರ್ ಸುತ್ತ ನಾಲ್ಕು ಚಿಕ್ಕ ಸ್ಕ್ರೂ ಇರತ್ತೆ, ಟೆಕ್ನಿಷಿಯನ್ ಒಂದು ಅಲೆನ್ ಕೀ ಹಾಕಿ ಸಡಿಲ ಮಾಡಿದ್ರೆ ನೋಡ್ತಾ ನೋಡ್ತಾ ಕಾಲು ನಾಲ್ಕು ತುಂಡಾಗತ್ತೆ. ಪೈಪನ್ನ ಕತ್ತರಿಸಿ ಗಿಡ್ಡ ಮಾಡ್ಬಹುದು, ಉದ್ದ ಮಾಡೋಕಾಗಲ್ಲ, ಹಾಗಾಗಿ ಉದ್ದ ಕಾಲಿನೋರ ಪೈಪು ಬೇರೆಯೋರಿಗೆ ಸುಲಭವಾಗಿ ಆಗತ್ತೆ. ಪಾದಕ್ಕೆ ಎಡ ಬಲ, ಸೆಂಟಿಮೀಟರ್ ಲೆಕ್ಕದ ಸೈಜು, ಎಷ್ಟು ತೂಕದೋರಿಗೆ ಅಂತ ಕಂಪನಿ ಹಾಕಿರೋ ಗುರುತು ಇರತ್ತೆ. ಆಮದು ಮಾಡಿದ ಮೊಣಕಾಲು ಜಾಯಿಂಟ್ ಲಕ್ಷ ದಾಟೋದೂ ಇದೆ, ಅಂಥದ್ದು ಬೇರಿಂಗ್ ಸರಿ ಇದ್ದು ಸಜ್ಜೆ ಮೇಲೆ ಧೂಳು ತಿಂತಿದ್ರೆ ಮನಸ್ಸಿಗೆ ತುಂಬಾ ನೋವಾಗತ್ತೆ, ಯಾಕಂದ್ರೆ ಹೊಸ ಸಾಕೆಟ್ ಮಾಡಿಸೋ ಖರ್ಚಿಗೆ ಹೋಲಿಸಿದ್ರೆ ದೊಡ್ಡ ಮೊತ್ತ ಹೋಗೋದೇ ಈ ಕೆಳಗಿನ ಭಾಗಗಳಿಗೆ. ಸವೆತ ನೋಡದೇ ಹಾಕೋ ಹಾಗಿಲ್ಲ ಅನ್ನೋದೂ ಅಷ್ಟೇ ನಿಜ. ಈ ಭಾಗಗಳನ್ನ ಐಎಸ್ಒ 10328 ಅನ್ನೋ ಅಂತಾರಾಷ್ಟ್ರೀಯ ಮಾನದಂಡದಲ್ಲಿ 30 ಲಕ್ಷ ಸಲ ಭಾರ ಹಾಕಿ ತೆಗೆದು ಪರೀಕ್ಷೆ ಮಾಡ್ತಾರೆ, ಅಂದ್ರೆ ಗಟ್ಟಿ ಇರತ್ತೆ, ಆದ್ರೆ ಶಾಶ್ವತ ಅಲ್ಲ. ಕೂದಲೆಳೆಯಷ್ಟು ಬಿರುಕಿದ್ರೂ ನಡು ರಸ್ತೇಲಿ ಮುರಿದು ಮನುಷ್ಯ ಬೀಳ್ತಾನೆ.

ನಮ್ಮ ಕಡೆ ಕೃತಕ ಕಾಲು ಅಂದ್ರೆ ಬಹಳ ಜನಕ್ಕೆ ಮೊದಲು ಬಾಯಿಗೆ ಬರೋದು ಜೈಪುರ ಕಾಲು. 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೇಲಿ ರಾಮಚಂದ್ರ ಶರ್ಮಾ ಅನ್ನೋ ಕುಶಲಕರ್ಮಿ, ಡಾಕ್ಟರ್ ಪಿ.ಕೆ. ಸೇಠಿ ಇವರೆಲ್ಲಾ ಸೇರಿ ರಬ್ಬರ್‌ನಲ್ಲಿ ಆ ಪಾದ ಮಾಡಿದ್ದು, ಬರಿಗಾಲಲ್ಲಿ ಗದ್ದೇಲಿ ನಡೀಬಹುದು, ಚಕ್ಕಮಕ್ಕಳ ಹಾಕಿ ಕೂರಬಹುದು, ನಮ್ಮ ದೇಶದ ಬದುಕಿಗೆ ಒಗ್ಗೋ ಕಾಲು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಶುರು ಮಾಡಿ ಉಚಿತವಾಗಿ ಹಾಕೋಕೆ ಶುರು ಮಾಡಿದ್ರು. ನಮ್ಮೂರುಗಳ ಶಿಬಿರಗಳಲ್ಲೂ ಈ ಕಾಲು ಹಾಕಿಸ್ಕೊಂಡೋರು ತುಂಬಾ ಜನ ಇದ್ದಾರೆ. ಆದ್ರೆ ಹಳೇ ಮಾದರಿಯ ಜೈಪುರ ಕಾಲಲ್ಲಿ ಪ್ಲಾಸ್ಟಿಕ್ ಕೊಳವೆಯನ್ನೇ ಬಿಸಿ ಮಾಡಿ ಕಾಲಿನ ಆಕಾರಕ್ಕೆ ಎಳೆದಿರ್ತಾರೆ, ಸಾಕೆಟ್ಟೂ ಕಣಕಾಲೂ ಒಂದೇ ತುಂಡು, ಅದರಲ್ಲಿ ಬಿಚ್ಚಿ ಇನ್ನೊಬ್ಬರಿಗೆ ಹಾಕೋಕೆ ಹೆಚ್ಚೇನೂ ಸಿಗಲ್ಲ. ಅಂಥದ್ದು ಮನೇಲಿದ್ರೆ ಬೇಜಾರು ಮಾಡ್ಕೋಬೇಡಿ, ಅದು ಕಡಿಮೆ ಖರ್ಚಿನಲ್ಲಿ ಒಬ್ಬರಿಗೇ ಅಂತ ಮಾಡಿದ್ದು, ತನ್ನ ಕೆಲಸ ಮುಗಿಸಿದೆ. ಕೃತಕ ಅಂಗದ ಕೋರ್ಸ್ ನಡೆಸೋ ಕಾಲೇಜುಗಳಲ್ಲಿ ಮಕ್ಕಳಿಗೆ ಕಲಿಯೋಕೆ ಬೇಕಾ ಅಂತ ಒಂದು ಸಲ ಕೇಳಿ ನೋಡಬಹುದು.

ಕ್ಯಾಲಿಪರ್, ಪಾದ ಎತ್ತಿ ಹಿಡಿಯೋ ಪ್ಲಾಸ್ಟಿಕ್ ಸ್ಪ್ಲಿಂಟು, ಸೊಂಟದ ಬೆಲ್ಟು, ಕುತ್ತಿಗೆ ಕಾಲರ್ ಇವುಗಳ ಬಗ್ಗೆ ಒಂದು ಎಚ್ಚರಿಕೆ. ರೆಡಿಮೇಡ್ ಸೈಜಿನ ನೀ ಬ್ರೇಸು, ಬೆನ್ನಿನ ಟೇಲರ್ ಬ್ರೇಸು, ವೆಲ್ಕ್ರೋ ಇನ್ನೂ ಅಂಟ್ತಿದ್ರೆ ಬಟ್ಟೆ ಭಾಗ ತೊಳೆದು ಕೊಡಬಹುದು. ಅಚ್ಚು ತಗೊಂಡು ಮಾಡಿದ್ದನ್ನ ಬೇರೆಯೋರಿಗೆ ನೀವೇ ಹಾಕಿಸಬೇಡಿ. ಅದರಲ್ಲೂ ಸಕ್ಕರೆ ಕಾಯಿಲೆಯೋರಿಗೆ, ಕುಷ್ಠ ಆಗಿ ಗುಣವಾಗಿರೋರಿಗೆ, ಬೆನ್ನುಹುರಿ ಪೆಟ್ಟಾಗಿರೋರಿಗೆ ಕಾಲಲ್ಲಿ ಸ್ಪರ್ಶ ಇರಲ್ಲ, ಒತ್ತಿದ್ರೂ ಗೊತ್ತಾಗಲ್ಲ, ಸಂಜೆ ಬಿಚ್ಚಿದಾಗ ರಕ್ತ ನೋಡಿ ಗೊತ್ತಾಗೋದು. ಒಳ್ಳೇ ಮನಸ್ಸಿಂದ ಕೊಟ್ಟ ಸ್ಪ್ಲಿಂಟಿಂದ ಒಬ್ಬರ ಪಾದ ಹೋಗ್ಬಾರ್ದು. ಶುಗರ್‌ನೋರ ಮೆತ್ತನೆ ಎಂಸಿಆರ್ ಚಪ್ಪಲಿ ಅವರವರ ಪಾದಕ್ಕೆ ತಗ್ಗಿರತ್ತೆ, ಅದನ್ನ ಯಾರಿಗೂ ಕೊಡೋದು ಬೇಡವೇ ಬೇಡ.

ಹೊರದೇಶದಲ್ಲಿ ಇದಕ್ಕೆ ವ್ಯವಸ್ಥೆ ಮಾಡ್ಕೊಂಡಿದ್ದಾರೆ. ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಒಬ್ಬರು ಬಳಸಿದ ಕಾಲಿನ ಭಾಗವನ್ನ ಅಲ್ಲೇ ಇನ್ನೊಬ್ಬರಿಗೆ ಹಾಕಲ್ಲ, ಆದ್ರೆ ಲೆಗ್ಸ್ ಫಾರ್ ಆಫ್ರಿಕಾ ಅನ್ನೋ ಸಂಸ್ಥೆ ಅಂಥ ಕಾಲುಗಳನ್ನ ಸಂಗ್ರಹಿಸಿ, ಸ್ವಯಂಸೇವಕರ ಕೈಲಿ ಬಿಚ್ಚಿಸಿ, ಭಾಗಗಳನ್ನ ಗ್ಯಾಂಬಿಯಾ ಮುಂತಾದ ಆಫ್ರಿಕಾ ದೇಶಗಳ ಕೇಂದ್ರಗಳಿಗೆ ಕಳಿಸತ್ತೆ, ಅಲ್ಲಿನ ಟೆಕ್ನಿಷಿಯನ್ನರು ಹೊಸ ಸಾಕೆಟ್ ಮಾಡಿ ಜೋಡಿಸ್ತಾರೆ. ಅಮೆರಿಕದಲ್ಲಿ ಸ್ಟ್ಯಾಂಡಿಂಗ್ ವಿತ್ ಹೋಪ್ ಅನ್ನೋರು ಜೈಲಿನ ಕೈದಿಗಳ ಕೈಲಿ ಈ ಬಿಚ್ಚೋ ಕೆಲಸ ಮಾಡಿಸಿ ಘಾನಾಕ್ಕೆ ಕಳಿಸ್ತಾರೆ. ಆ ದೇಶಗಳಲ್ಲಿರೋ ನಮ್ಮ ಕನ್ನಡದೋರು ಮನೇಲಿ ಹಿರಿಯರ ಕಾಲಿದ್ರೆ ಇಂಥೋರಿಗೆ ಕೊಡ್ಬಹುದು. ಹತ್ತಿರದ ಉದಾಹರಣೆ ಬೇಕಂದ್ರೆ ಕೇರಳ ನೋಡಿ, ಅಲ್ಲಿ ಊರೂರಲ್ಲಿ ವಾಸಿಯಾಗದ ಕಾಯಿಲೆಯೋರನ್ನ ನೋಡ್ಕೊಳ್ಳೋ ಪ್ಯಾಲಿಯೇಟಿವ್ ಕೇರ್ ಘಟಕಗಳಿದ್ದಾವೆ, ವೀಲ್‌ಚೇರು, ವಾಟರ್ ಬೆಡ್ಡು, ವಾಕರ್ರು ಬೇಕಾದ ಮನೆಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತಗೊಂಡು ಮುಂದಿನ ಮನೆಗೆ ಕೊಡ್ತಾರೆ, ಅದು ಅಲ್ಲಿ ಮಾಮೂಲಿ ಆಗ್ಬಿಟ್ಟಿದೆ. ನಮ್ಮಲ್ಲೂ ಕೆಲವು ಊರಲ್ಲಿ ಟ್ರಸ್ಟುಗಳು, ಸಂಘಗಳು ಡೆಪಾಸಿಟ್ ಇಟ್ಕೊಂಡು ವೀಲ್‌ಚೇರು ಆಸ್ಪತ್ರೆ ಮಂಚ ಕೊಡ್ತಾರೆ, ಅವರಿಗೆ ದೊಡ್ಡ ನಮಸ್ಕಾರ, ಆದ್ರೆ ಅದು ಪೇಟೆಯೋರಿಗೆ ಗೊತ್ತು, ಹಳ್ಳಿಯೋರಿಗೆ ಗೊತ್ತಿಲ್ಲ.

ಇನ್ನೊಂದು ಮಾತು, ಹೇಳ್ಲೋ ಬೇಡ್ವೋ ಅಂತ ಯೋಚಿಸಿ ಬರೀತಿದ್ದೀನಿ. ಸತ್ತೋರು ಬಳಸಿದ್ದು ನಮ್ಮನೇಗೆ ಬೇಡ ಅನ್ನೋರಿದ್ದಾರೆ, ಅದರಲ್ಲೂ ಕಾಲು ಅಂದ್ರೆ ಇನ್ನೂ ಹಿಂಜರಿಕೆ. ಅವರ ಭಾವನೆ ನಂಗರ್ಥ ಆಗತ್ತೆ. ಆದ್ರೆ ನಮ್ಮಲ್ಲೇ ಎಷ್ಟೋ ಮನೆಗಳಲ್ಲಿ ಹನ್ನೊಂದನೇ ದಿನಾನೋ ಹನ್ನೆರಡನೇ ದಿನಾನೋ ತೀರಿಕೊಂಡೋರ ಹೆಸರಲ್ಲಿ ಛತ್ರಿ, ಚಪ್ಪಲಿ, ಕೋಲು ದಾನ ಕೊಡೋ ಪದ್ಧತಿ ಇದೆಯಲ್ಲ, ಹೋದ ಜೀವಕ್ಕೆ ದಾರೀಲಿ ಕಷ್ಟ ಆಗ್ಬಾರ್ದು ಅಂತ. ಅವತ್ತೇ ಅವರು ಹಿಡಿದು ನಡೆದ ವಾಕರನ್ನ ಒಬ್ಬ ನಡೆಯೋಕಾಗದೋರಿಗೆ ಕೊಟ್ರೆ ಅದಕ್ಕಿಂತ ದೊಡ್ಡ ದಾನ ಯಾವ್ದಿದೆ? ಊರಿನ ಪುರೋಹಿತರು, ಮಠದ ಸ್ವಾಮಿಗಳು, ಚರ್ಚಿನ ಫಾದರ್, ಮಸೀದಿಯ ಹಿರಿಯರು ಇದನ್ನ ಒಂದು ಸಲ ಬಾಯ್ಬಿಟ್ಟು ಹೇಳಿದ್ರೆ ನಾನು ನೂರು ಪತ್ರ ಬರೆದದ್ದಕ್ಕಿಂತ ಜಾಸ್ತಿ ಕೆಲಸ ಆಗತ್ತೆ.

ಸರ್ಕಾರದ ಕಡೆಗೆ ಬರೋಣ. ವಿಕಲಚೇತನರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ, ಕಾನ್ಪುರದ ಅಲಿಂಕೋ ಕಾರ್ಖಾನೆ ಮಾಡಿದ ಸಾಧನಗಳು ಅದರಲ್ಲಿ ಬರ್ತವೆ, ತಿಂಗಳ ಆದಾಯ 22,500 ರೂಪಾಯಿ ಒಳಗಿದ್ರೆ ಪೂರ್ತಿ ಉಚಿತ. ಬಡ ಹಿರಿಯ ನಾಗರಿಕರಿಗೆ ಅಂತ 2017ರಲ್ಲಿ ವಯೋಶ್ರೀ ಯೋಜನೆ ಬಂತು. ಯೋಜನೆ ಒಳ್ಳೇದು, ನಾನು ದೂರೋಕೆ ಬರೀತಿಲ್ಲ. ಆದ್ರೆ ಒಂದು ಸಲ ತಗೊಂಡ್ರೆ ಅದೇ ಸಾಧನಕ್ಕೆ ಮೂರು ವರ್ಷ ಕಾಯ್ಬೇಕು, 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. ಮೊದಲು ಅಳತೆ ಶಿಬಿರ, ಆಮೇಲೆ ಯಾವಾಗಲೋ ವಿತರಣೆ ಶಿಬಿರ, ಮಧ್ಯೆ ಎಷ್ಟೋ ತಿಂಗಳು. ಆ ಮಧ್ಯದ ತಿಂಗಳಲ್ಲೇ ಮನುಷ್ಯ ಹಾಳಾಗೋದು. ಕಾಲು ಕತ್ತರಿಸಿದ ಮೇಲೆ ಕೂತೇ ಇದ್ರೆ, ಮೊಣಕಾಲು ಉಳಿದಿದ್ರೂ ಅದು ಮಡಚಿದ ಹಾಗೇ ಬಿಗಿದುಕೊಳ್ಳತ್ತೆ, ತೊಡೆ ಸಂದಿಯೂ ಬಿಗಿಯತ್ತೆ, ಆಮೇಲೆ ಎಂಥ ಒಳ್ಳೇ ಕಾಲು ಬಂದ್ರೂ ಹಾಕಿ ನಿಲ್ಲೋಕಾಗಲ್ಲ. ಡಿಸ್ಚಾರ್ಜ್ ದಿನವೇ ಒಂದು ಹಳೇ ವಾಕರ್ ಇಲ್ಲಾ ಜೋಡಿ ಊರುಗೋಲು ಕೈಗೆ ಸಿಕ್ಕಿ, ಒಂದಿಷ್ಟು ವ್ಯಾಯಾಮ ಹೇಳಿಕೊಟ್ರೆ ಅವರು ಎದ್ದು ಓಡಾಡ್ತಾ ಇರ್ತಾರೆ, ಹೊಸ ಕಾಲು ಬರೋ ಹೊತ್ತಿಗೆ ದೇಹ ತಯಾರಿರತ್ತೆ. ಬಳಸಿದ ಸಾಧನದ ಬೆಲೆ ಎಲ್ಲಕ್ಕಿಂತ ಜಾಸ್ತಿ ಇರೋದು ಈ ಕಾಯೋ ಕಾಲದಲ್ಲಿ, ಇದನ್ನ ನಾನು ಎಷ್ಟು ಒತ್ತಿ ಹೇಳಿದ್ರೂ ಸಾಲದು.

ನಾನು ಕೇಳೋದು ಹೊಸ ಕಟ್ಟಡ ಅಲ್ಲ, ಹೊಸ ಯೋಜನೆಗೆ ಹೊಸ ಹೆಸರೂ ಅಲ್ಲ. ಪ್ರತಿ ಜಿಲ್ಲಾಸ್ಪತ್ರೇಲಿ ಇಲ್ಲಾ ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರದಲ್ಲಿ ಒಂದು ರೂಮು, ಒಂದು ರಿಜಿಸ್ಟರು, ವಾರದಲ್ಲಿ ಒಂದು ದಿನ ಫಿಸಿಯೋ ಮತ್ತೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರೋ ಕೃತಕ ಅಂಗ ತಜ್ಞರು ಬಂದ ಸಾಮಾನು ನೋಡಿ ಇದು ಕೊಡಬಹುದು, ಇದರ ಭಾಗ ಮಾತ್ರ ತೆಗೀಬೇಕು, ಇದು ಆಗಲ್ಲ ಅಂತ ಬೇರೆ ಮಾಡಿದ್ರೆ ಸಾಕು. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದಾರೆ, ಬಹಳಷ್ಟು ಜನ ಸ್ವತಃ ವಿಕಲಚೇತನರೇ, ಕಡಿಮೆ ಗೌರವಧನದಲ್ಲಿ ಮನೆ ಮನೆ ಸುತ್ತೋರು. ಯಾವ ಮನೇಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೇಲಿ ಬಳಸದ ಟ್ರೈಸಿಕಲ್ ತುಕ್ಕು ಹಿಡೀತಿದೆ ಎರಡೂ ಅವರಿಗೆ ಗೊತ್ತು. ಅವರ ಫೋನಲ್ಲಿ ಒಂದು ಪಟ್ಟಿ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಹತ್ರ ಒಂದು ಪಟ್ಟಿ, ಹಳ್ಳಿಯಿಂದ ಪೇಟೆಗೆ ಸಾಗಿಸೋಕೆ ಪಂಚಾಯ್ತಿ ಗಾಡಿ. ಆದ್ರೆ ಅವರಿಗೆ ಇದನ್ನ ಇನ್ನೊಂದು ಬಿಟ್ಟಿ ಕೆಲಸ ಅಂತ ಹೇರಬೇಡಿ, ಓಡಾಟದ ಖರ್ಚು ಕೊಡಿ, ಅವರಲ್ಲಿ ಎಷ್ಟೋ ಜನ ತಾವೇ ಕ್ಯಾಲಿಪರ್ ಹಾಕ್ಕೊಂಡು ಮಣ್ಣು ರಸ್ತೇಲಿ ನಡೆಯೋರು.

ಸರ್ಕಾರದ ಆದೇಶ ಬರೋ ತನಕ ಕಾಯ್ಬೇಕಂತಿಲ್ಲ. ಬೆಂಗಳೂರು ಕಡೆಯೋರು ಮೊಬಿಲಿಟಿ ಇಂಡಿಯಾ, ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಥರದ ಹಳೇ ಸಂಸ್ಥೆಗಳನ್ನ, ಉತ್ತರ ಕರ್ನಾಟಕದೋರು ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ನೋರನ್ನ ಕೇಳ್ಬಹುದು, ಆದ್ರೆ ಏನು ತಗೋತಾರೆ ಏನು ತಗೊಳ್ಳಲ್ಲ ಅಂತ ಮೊದಲು ಫೋನ್ ಮಾಡಿ ವಿಚಾರಿಸಿ, ಸುಮ್ನೆ ಹೊತ್ಕೊಂಡು ಹೋಗಿ ಅವರ ಗೇಟ್ ಹತ್ರ ಇಟ್ಟು ಬರಬೇಡಿ, ಅದು ಅವರಿಗೆ ಹೊರೆ. ಕೊಡೋ ಮುಂಚೆ ಸೋಪು ನೀರಲ್ಲಿ ಒರೆಸಿ ಒಣಗಿಸಿ, ಎಣ್ಣೆ ಗಿಣ್ಣೆ ಹಾಕಬೇಡಿ, ಕಾಲನ್ನ ನೀವೇ ಬಿಚ್ಚೋಕೆ ಹೋಗ್ಬೇಡಿ. ಒಂದು ಚೀಟಿ ಬರೆದು ಕಟ್ಟಿ, ಬಳಸ್ತಿದ್ದೋರ ಎತ್ತರ, ಅಂದಾಜು ತೂಕ, ಎಡಗಾಲೋ ಬಲಗಾಲೋ, ಮೊಣಕಾಲ ಮೇಲೋ ಕೆಳಗೋ, ಯಾವ ವರ್ಷ ಮಾಡಿಸಿದ್ದು, ಎಷ್ಟು ವರ್ಷ ಬಳಸಿದ್ರು. ಬಿಲ್ಲು, ಕಂಪನಿ ಕಾರ್ಡು ಇದ್ರೆ ಅದನ್ನೂ ಕೊಡಿ, ಆ ಒಂದು ಕಾಗದದಿಂದ ಟೆಕ್ನಿಷಿಯನ್‌ಗೆ ಅರ್ಧ ಕೆಲಸ ಕಡಿಮೆ ಆಗತ್ತೆ. ಮತ್ತೆ ಸರ್ಕಾರದಿಂದ ಸಿಕ್ಕ ಸಾಧನ ಆದ್ರೆ ಮಾರಬೇಡಿ, ಆನ್‌ಲೈನ್‌ನಲ್ಲಿ ಹಾಕಬೇಡಿ, ನಿಮಗೆ ಉಚಿತವಾಗಿ ಬಂದಿದ್ದು ಮುಂದಿನೋರಿಗೂ ಉಚಿತವಾಗೇ ಹೋಗ್ಬೇಕು.

ನನ್ನ ಹಾಗೆ ಸರ್ಜಿಕಲ್ ಅಂಗಡಿ ಇಟ್ಟಿರೋ ಗೆಳೆಯರಿಗೂ ಒಂದು ಮಾತು. ಹಿಂಗೆಲ್ಲಾ ಹೇಳಿದ್ರೆ ನಮ್ಮ ವ್ಯಾಪಾರ ಹೋಗತ್ತೆ ಅಂತ ಕೆಲವರು ನಂಗೆ ನೇರವಾಗೇ ಹೇಳಿದ್ದಾರೆ. ಹೋಗಲ್ಲ. ಹಳೇ ವಾಕರ್ ತಗೊಳ್ಳೋರು ಹೊಸದು ತಗೊಳ್ಳೋ ಶಕ್ತಿ ಇಲ್ಲದೋರೇ, ಅವರು ನಮ್ಮ ಗಿರಾಕಿ ಆಗಿರ್ಲೇ ಇಲ್ಲ. ಬುಷ್ಷು, ಬೆಲ್ಟು, ಬೇರಿಂಗು, ಚಕ್ರದ ಟೈರು ಇವು ಹೇಗೂ ಬೇಕು, ರಿಪೇರಿಗೆ ಹುಡುಗರು ಬೇಕು. ಒಂದು ಹಲಗೇಲಿ ಹಳೇ ವಾಕರ್ ಊರುಗೋಲು ಕೊಡೋರು ತಗೊಳ್ಳೋರು ಇಲ್ಲಿ ಹೇಳಿ ಅಂತ ಬರೆದು ಹಾಕಿ, ಜಾಗ ಇದ್ರೆ ಹಿಂದ್ಗಡೆ ನಾಲ್ಕು ಸಾಮಾನು ಇಟ್ಕೊಳ್ಳಿ, ಕೃತಕ ಕಾಲು ಕ್ಯಾಲಿಪರ್ ಬಂದ್ರೆ ಮಾತ್ರ ನೀವೇ ಹಂಚದೇ ತಜ್ಞರ ಹತ್ರ ಕಳಿಸಿ.

ಕೊನೇದಾಗಿ ಸಂಪಾದಕರಲ್ಲಿ ನನ್ನ ಕೋರಿಕೆ. ಮುಂದಿನ ಸಲ ವಿತರಣೆ ಶಿಬಿರದ ಸುದ್ದಿ ಹಾಕುವಾಗ ಕೆಳಗೆ ಎರಡು ಸಾಲು ಸೇರಿಸಿ, ಈ ಸಾಧನ ರಿಪೇರಿಗೆ ಬಂದ್ರೆ ಎಲ್ಲಿ ಕೇಳ್ಬೇಕು, ಬೇಡವಾದ್ರೆ ಎಲ್ಲಿ ವಾಪಸ್ ಕೊಡ್ಬೇಕು ಅಂತ. ನಿಮ್ಮ ವರದಿಗಾರರು ಆ ಪ್ರಶ್ನೆಯನ್ನ ವೇದಿಕೆ ಮೇಲಿರೋರಿಗೆ ಅಲ್ಲೇ ಕೇಳ್ಲಿ, ಅವರ ಹತ್ರ ಉತ್ತರ ಇಲ್ಲಾಂದ್ರೆ ಉತ್ತರ ಸಿಗಲಿಲ್ಲ ಅಂತ್ಲೇ ಅಚ್ಚು ಹಾಕಿ. ಹಾಸನ ಜಿಲ್ಲೇಲಿ ಇದನ್ನ ಶುರು ಮಾಡೋಕೆ ಯಾವುದಾದ್ರೂ ಆಸ್ಪತ್ರೆ, ಸಂಘ, ಕಾಲೇಜು ಮುಂದೆ ಬಂದ್ರೆ ಸಾಮಾನು ಒರೆಸೋಕೆ, ಬುಷ್ ಬದಲಾಯಿಸೋಕೆ, ವೀಲ್‌ಚೇರ್ ರಿಪೇರಿಗೆ ನಾನೂ ನಮ್ಮ ಅಂಗಡಿ ಹುಡುಗರೂ ಭಾನುವಾರ ಬರ್ತೀವಿ, ಸಂಬಳ ಬೇಡ, ಬಿಡಿಭಾಗ ನಮ್ಮ ಕೊಂಡ ರೇಟಿಗೇ ಕೊಡ್ತೀವಿ.

ಇಂತಿ,
ಸರ್ಜಿಕಲ್ ಅಂಗಡಿಯವನು, ಹಾಸನ